ಅಂಟಿಲ್ಲದ ನಂಟು

ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂದು ನಮ್ಮತ್ತೆ, ಆಗಷ್ಟೇ ಮನೆ ತುಂಬಿದ್ದ ನನ್ನ ಕಡೆ ನೋಡಿಕೊಂಡೇ ಹೇಳುತ್ತಿದ್ದರು. ಆ ಗಾದೆಯನ್ನು ನಂಬಿಯೇ ಮೂವತ್ತು ವರ್ಷ ಸಾರು ಕುದಿಸಿದೆ. ತೆಂಗು ಇವತ್ತಿಗೂ ನನ್ನ ಕೈಬಿಟ್ಟಿಲ್ಲ. ಇಂಗು ಬಿಟ್ಟಿತು.

ಮೊದಲು ಶುರುವಾದದ್ದು ಸುಸ್ತು. ರಕ್ತ ಕಡಿಮೆ ಎಂದರು, ಕಬ್ಬಿಣದ ಮಾತ್ರೆ ಕೊಟ್ಟರು. ಬೀಟ್‌ರೂಟ್ ತಿಂದು ತಿಂದು ನಾಲಗೆ ಕೆಂಪಾಯಿತೇ ಹೊರತು ರಕ್ತ ಏರಲಿಲ್ಲ. ಹೊಟ್ಟೆ ಮಾತ್ರ ದಿನವೂ ಮದುವೆ ಊಟ ಮುಗಿಸಿ ಬಂದಂತೆ ಉಬ್ಬಿಕೊಂಡಿರುತ್ತಿತ್ತು. ಕಡೆಗೆ ಒಬ್ಬ ಡಾಕ್ಟರು ಬೇರೊಂದು ರಕ್ತಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿಯಲ್ಲಿ ಸಣ್ಣಕರುಳಿನ ಚೂರು ತೆಗೆದು ನೋಡಬೇಕು ಅಂದರು. "ಅಲ್ಲೀವರೆಗೂ ಗೋಧಿ ಬಿಡಬೇಡಿ ಅಮ್ಮ, ಬಿಟ್ಟರೆ ಕಾಯಿಲೆ ಸಿಕ್ಕೋದಿಲ್ಲ" ಎಂದೂ ಎಚ್ಚರಿಸಿದರು. ಕಳ್ಳನನ್ನು ಹಿಡಿಯಬೇಕಾದರೆ ಬಾಗಿಲು ತೆರೆದಿಡಬೇಕಲ್ಲ! ಆ ಹದಿನೈದು ದಿನ ಪೂರಿ, ಚಿರೋಟಿ, ಶ್ಯಾವಿಗೆ ಪಾಯಸಗಳಿಗೆ ನಮ್ಮ ಮನೆಯಲ್ಲಿ ಬೀಳ್ಕೊಡುಗೆ ಸಮಾರಂಭ ನಡೆಯಿತು.

ಸಿಕ್ಕ ಕಳ್ಳನ ಹೆಸರು ಸೀಲಿಯಾಕ್. ಗೋಧಿಯ ಗ್ಲುಟೆನ್ ಒಳಗೆ ಹೋದರೆ ಸಾಕು, ದೇಹ ತನ್ನ ಕರುಳಿನ ಮೇಲೆ ತಾನೇ ಏರಿಹೋಗುತ್ತದೆ. ಅನ್ನದ ಸಾರ ಹೀರುವ ನವಿರಾದ ಎಳೆಗಳು ದನ ಮೇಯ್ದ ಹುಲ್ಲಿನಂತೆ ಸವೆದುಹೋಗುತ್ತವೆ. ಇದಕ್ಕೆ ಮಾತ್ರೆಯಿಲ್ಲ, ಪಥ್ಯವೇ ಮದ್ದು. ಗೋಧಿ, ಬಾರ್ಲಿ, ರೈ ಮೂರನ್ನೂ ಜೀವನಪೂರ್ತಿ ಬಿಡಬೇಕು. ಹುಟ್ಟಿದಾಗಿನಿಂದ ಕಣ್ಣಲ್ಲಿ ಕಂಡೇ ಇಲ್ಲದ ರೈಯನ್ನು ನಾನು ಅಂದೇ ಬಿಟ್ಟೆ.

ಗ್ಲುಟೆನ್ ಎಂದರೇನು ಎಂದು ಕೇಳುವವರಿಗೆ ನಾನು ಹೋಳಿಗೆಯ ಕಣಕ ತೋರಿಸುತ್ತೇನೆ. ಎಣ್ಣೆಯಲ್ಲಿ ನೆನೆದ ಕಣಕವನ್ನು ಎಳೆದಷ್ಟೂ ಹರಿಯದೆ ಬರುತ್ತದಲ್ಲ, ಆ ಜಿಗುಟೇ ಗ್ಲುಟೆನ್. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಅಂಟು ಎಂದೇ ಅರ್ಥ. ಹೂರಣವನ್ನು ಹೊರಗೆ ಬಿಡದೆ ಕಾಯುವ ಅದೇ ಅಂಟು ನನ್ನ ಕರುಳಿಗೆ ಆಗಿಬರಲಿಲ್ಲ.

ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಪತ್ತೆ ಮಾಡಿದವರು ವಿಲ್ಲೆಮ್ ಡಿಕ್ಕೆ ಎಂಬ ಡಚ್ ಮಕ್ಕಳ ವೈದ್ಯರು. ಗೋಧಿಯ ಮೇಲೆ ಅವರಿಗೆ ಮೊದಲೇ ಗುಮಾನಿ ಇತ್ತು. ಎರಡನೇ ಮಹಾಯುದ್ಧದಲ್ಲಿ, 1944-45ರ ಚಳಿಗಾಲ, ಹಾಲೆಂಡಿನಲ್ಲಿ ಬ್ರೆಡ್ಡಿಗೂ ಗತಿಯಿಲ್ಲದೆ ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು. ಊರೆಲ್ಲ ಸೊರಗುತ್ತಿರುವಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ವಾಪಸು ಬಂದಾಗ ಕಾಯಿಲೆಯೂ ವಾಪಸು ಬಂತು. 1950ರಲ್ಲಿ ಡಿಕ್ಕೆ ಇದನ್ನೆಲ್ಲ ಪ್ರಬಂಧವಾಗಿ ಬರೆದರು. ಇತ್ತ ನಮ್ಮ ಬೆಂಗಳೂರಿನಲ್ಲಿ ಅದೇ ಯುದ್ಧ ಅಕ್ಕಿಯ ಬರ ತಂದು, ರವೆ ಇಡ್ಲಿಯನ್ನು ಹುಟ್ಟಿಸಿತು ಎಂದು ಎಂಟಿಆರ್‌ನವರು ಹೇಳುತ್ತಾರೆ. ಅಲ್ಲಿ ಗೋಧಿ ಹೋಗಿ ರಹಸ್ಯ ಬಯಲಾಯಿತು, ಇಲ್ಲಿ ಗೋಧಿ ಬಂದು ಇಡ್ಲಿಯೊಳಗೆ ಸೇರಿಕೊಂಡಿತು. ನನ್ನ ಪಾಲಿಗೆ ಮಾತ್ರ ಯುದ್ಧ ಇನ್ನೂ ಮುಗಿದಿಲ್ಲ.

ಅಡುಗೆಮನೆಯಲ್ಲಿ ಹೊಸ ಮಡಿ ಶುರುವಾಯಿತು. ನನ್ನ ಹೆಂಚು, ನನ್ನ ಜರಡಿ, ನನ್ನ ಮಿಕ್ಸಿ ಜಾರು ಎಲ್ಲ ಬೇರೆ. ಅಜ್ಜಿಯ ಮಡಿಗೆ ನಕ್ಕವಳು ಈಗ ಚಪಾತಿ ಮುಟ್ಟಿದ ಕೈಯಲ್ಲಿ ಅನ್ನದ ಸೌಟು ಹಿಡಿದರೆ ಯಜಮಾನರನ್ನು ಗದರಿಸುತ್ತೇನೆ. ಹಿಟ್ಟಿನ ಮಿಲ್ಲನ್ನೂ ಬಿಟ್ಟೆ. ಅಲ್ಲಿ ಹಿಂದಿನವರ ಗೋಧಿ ಮುಂದಿನವರ ರಾಗಿಗೆ ಸೇರದೆ ಇರುತ್ತದೆಯೇ? ಇಷ್ಟೆಲ್ಲ ಕಾವಲು ಹಾಕಿದರೂ ಹೊಟ್ಟೆ ಮುನಿಸು ಬಿಡಲಿಲ್ಲ. ಒಂದು ದಿನ ಕನ್ನಡಕ ಏರಿಸಿಕೊಂಡು ಇಂಗಿನ ಡಬ್ಬಿಯ ಇರುವೆ ಗಾತ್ರದ ಅಕ್ಷರ ಓದಿದೆ: ಗೋಂದು, ಗೋಧಿಹಿಟ್ಟು, ಇಂಗು. ಇಂಗು ಬಹಳ ಘಾಟು ಎಂದು ಅದನ್ನು ಹಿಟ್ಟಿನಲ್ಲಿ ಬೆರೆಸಿ ಮಾರುತ್ತಾರಂತೆ! ಬೆಳಿಗ್ಗೆ ಸಾರು, ಮಧ್ಯಾಹ್ನ ಗೊಜ್ಜು, ರಾತ್ರಿ ಮಜ್ಜಿಗೆ, ಮೂರು ಹೊತ್ತೂ ನಾನೇ ಒಗ್ಗರಣೆ ಹಾಕಿ ಗೋಧಿ ತಿನ್ನುತ್ತಿದ್ದೆ. ಇಂಗು ತಿಂದ ಮಂಗ ಎಂಬ ಮಾತಿಗೆ ಅಂದು ಕನ್ನಡಿಯಲ್ಲಿ ಅರ್ಥ ಸಿಕ್ಕಿತು. ಈಗ ಅಕ್ಕಿಹಿಟ್ಟು ಬೆರೆಸಿದ ಇಂಗನ್ನು ಹುಡುಕಿ ತರುತ್ತೇನೆ; ಸಿಗದಿದ್ದರೆ ಜೀರಿಗೆಯೇ ಗತಿ.

ಬಾಯಿ ಕಟ್ಟುವುದು ಹೇಗೋ ನಡೆಯುತ್ತದೆ. ಉಪಚಾರ ತಪ್ಪಿಸಿಕೊಳ್ಳುವುದು ಮಾತ್ರ ಕಷ್ಟ. "ಗ್ಲುಟೆನ್ನಾ? ನಮ್ಮನೇಲಿ ಅದನ್ನೆಲ್ಲ ಹಾಕೋದೇ ಇಲ್ಲ ಕಣ್ರೀ. ಬರೀ ಗೋಧಿಹಿಟ್ಟು, ತುಪ್ಪ, ಬೆಲ್ಲ. ಒಂದೇ ಒಂದು ಚೂರು ತಗೊಳ್ಳಿ" ಎಂದು ಎದುರುಮನೆಯಾಕೆ ತಟ್ಟೆ ಹಿಡಿಯುತ್ತಾರೆ. ಗ್ಲುಟೆನ್ ಇಲ್ಲ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಮ್ ಮೀರಬಾರದು ಎಂದು ನಮ್ಮ ದೇಶದ ನಿಯಮ ಹೇಳುತ್ತದೆ. ಎದುರುಮನೆಯಾಕೆಯ ಚೂರನ್ನು ತೂಗುವಷ್ಟು ಸಣ್ಣ ಬೊಟ್ಟು ಯಾವ ತಕ್ಕಡಿಗೂ ಇಲ್ಲ. ಅವರ ಮನೆಯ ಸತ್ಯನಾರಾಯಣ ಪೂಜೆಯ ದಿನವಂತೂ ನನಗೆ ದಿಕ್ಕೇ ತೋಚಲಿಲ್ಲ. ಪ್ರಸಾದ ಬೇಡವೆಂದ ತುಂಗಧ್ವಜ ರಾಜ ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡ ಕತೆ ಆಗಷ್ಟೇ ಮುಗಿದಿದೆ. ಕೈಗೆ ಬಿಸಿಬಿಸಿ ಸಪಾದಭಕ್ಷ್ಯ ಬಂದಿದೆ, ಅದೂ ಗೋಧಿ ರವೆಯದು. ಕಣ್ಣಿಗೊತ್ತಿಕೊಂಡು, ಮನೆಗೆ ತಂದು, ಯಜಮಾನರಿಗೆ ಕೊಟ್ಟೆ. ಬಾಳೆಹಣ್ಣು ನಾನು ತಿಂದೆ. ದೇವರು ಸುಮ್ಮನಿದ್ದ. ಎದುರುಮನೆಯಾಕೆ ಎರಡು ವಾರ ಮಾತಾಡಲಿಲ್ಲ.

ಆ ಎರಡು ವಾರದಲ್ಲಿ ಬಾಗಲಕೋಟೆ ಕಡೆಯ ಗೆಳತಿಯೊಬ್ಬಳಿಂದ ಜೋಳದ ರೊಟ್ಟಿ ಕಲಿತೆ. ಮೈಸೂರಿನ ನನ್ನ ಕೈಗೆ ಚಪಾತಿಯ ರೂಢಿ. ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟಿದಲ್ಲೆಲ್ಲ ಬಿರುಕುಬಿಟ್ಟು ಭೂಪಟವಾಯಿತು. "ಕುದಿಯೋ ನೀರು ಹಾಕ್ರಿ, ಚಲೋತ್ನಾಗಿ ನಾದ್ರಿ, ಜಿಗಿ ತಾನ ಬರತದ" ಅಂದಳು. ಅಂಟು ಹುಟ್ಟಿನಿಂದ ಇಲ್ಲದಿದ್ದರೇನು, ಬಿಸಿ ತಾಗಿಸಿ ನಾದಿದರೆ ಬರುತ್ತದೆ. ಮೂರನೇ ದಿನ ರೊಟ್ಟಿ ಹೆಂಚಿನ ಮೇಲೆ ಪುಸ್ಸೆಂದು ಉಬ್ಬಿತು. ಅದರ ಜೊತೆ ನಾನೂ.

ಯುಗಾದಿಗೆ ಎದುರುಮನೆಯ ಬಾಗಿಲು ತೆರೆಯಿತು. ಆಕೆಯ ಕೈಯಲ್ಲಿ ಸ್ಟೀಲ್ ಡಬ್ಬಿ. ಒಳಗೆ ಹೋಳಿಗೆಯ ಹೂರಣವೇ, ಕಣಕದ ಬದಲು ಬೆಳ್ಳಗೆ ಬೆಂದ ಅಕ್ಕಿಯ ಅಂಗಿ ತೊಟ್ಟು ಕಡುಬಾಗಿ ಕೂತಿತ್ತು. "ಅಕ್ಕಿ ನೆನೆಸಿ ಮಿಕ್ಸೀಲೇ ರುಬ್ಬಿದೆ, ಜಾರು ಮೂರು ಸಲ ತೊಳೆದೆ, ಗೋಧಿ ಡಬ್ಬಿ ಮುಟ್ಟೋಕೆ ಮುಂಚೆ ಬೇಯಿಸಿದೆ" ಎಂದು ಪೂಜೆಯ ಸಂಕಲ್ಪ ಹೇಳುವವರಂತೆ ಒಪ್ಪಿಸಿದರು. ಮೆಟ್ಟಿಲಿಳಿದವರು ಏನೋ ನೆನಪಾಗಿ ತಿರುಗಿ ಬಂದು ತಗ್ಗಿದ ದನಿಯಲ್ಲಿ ಅಂದರು:

"ಧೈರ್ಯವಾಗಿ ತಿನ್ನಿ. ಕಡುಬಿಗೆ ಇಂಗು ಹಾಕಿಲ್ಲ."