ಸಕ್ಕರೆ ಅಚ್ಚಿನ ಊರುಸಂಚಾರ

ದೇವರಿಗೆ ಸಲ್ಲುವ ಹಬ್ಬಗಳಿವೆ, ಹೊಟ್ಟೆಗೆ ಸಲ್ಲುವ ಹಬ್ಬಗಳಿವೆ. ನೆರೆಮನೆಗೆ ಸಲ್ಲುವ ಹಬ್ಬ ಅಂದರೆ ನಮ್ಮ ಹಳೇ ಮೈಸೂರು ಸೀಮೆಯ ಸಂಕ್ರಾಂತಿ. ಕೂರಿಸಲು ಮೂರ್ತಿ ಬೇಡ, ಹಚ್ಚಲು ಪಟಾಕಿ ಬೇಡ. ಒಂದು ಡಬ್ಬಿ ಎಳ್ಳು, ಅದನ್ನು ಹಿಡಿದು ಬೀದಿ ಸುತ್ತಲು ರೇಷ್ಮೆ ಲಂಗದ ಹುಡುಗಿಯರು ಇದ್ದರೆ ಹಬ್ಬ ನಡೆಯುತ್ತದೆ.

ಆ ಡಬ್ಬಿ ತುಂಬುವುದು ಮಾತ್ರ ಸಣ್ಣ ಕೆಲಸವಲ್ಲ. ಬಿಳಿ ಎಳ್ಳು ಹುರಿಯಬೇಕು, ಕಡಲೆಬೀಜ ಹುರಿದು ಸಿಪ್ಪೆ ಉಜ್ಜಿ ಮೊರದಲ್ಲಿ ಕೇರಬೇಕು, ಅಚ್ಚುಬೆಲ್ಲವನ್ನು ಕತ್ತರಿಸಿ ತಾರಸಿಯಲ್ಲಿ ಒಣಗಿಸಬೇಕು. ಕೊಬ್ಬರಿ ಗಿಟುಕಿನ ಕಂದು ಸಿಪ್ಪೆ ಹೆರೆದು ಹೆಚ್ಚುವ ಕೆಲಸ ಮನೆಯ ಗಂಡಸಿನ ಪಾಲಿಗೆ ಬರುತ್ತದೆ. ‘ಚೂರು ಸಣ್ಣಗಿರಲಿ ರೀ, ನಾಲ್ಕು ಮನೆಯವರು ನೋಡ್ತಾರೆ’ ಎಂದು ಒಳಗಿನಿಂದ ಆಜ್ಞೆ ಹೊರಡುತ್ತದೆ. ಕಚೇರಿಯಲ್ಲಿ ನನ್ನ ಕಡತಗಳನ್ನೂ ಇಷ್ಟು ಜನ ನೋಡುವುದಿಲ್ಲ.

ನೋಡುತ್ತಾರೆ ಎಂಬುದು ಸುಳ್ಳಲ್ಲ. ಎಳ್ಳಿನ ಪೊಟ್ಟಣ ಬಿಚ್ಚಿದ ಕೂಡಲೇ ನಮ್ಮಮ್ಮ ಕನ್ನಡಕ ಹಾಕಿಕೊಳ್ಳುತ್ತಾಳೆ. ಕೊಬ್ಬರಿ ಧಾರಾಳವಾಗಿದ್ದರೆ ‘ಮಹಾತಾಯಿ, ಕೈ ದೊಡ್ಡದು.’ ಹುರಿಗಡಲೆಯೇ ಮುಕ್ಕಾಲಾದರೆ ‘ಲೆಕ್ಕಾಚಾರದ ಮನೆ.’ ಚೂರುಗಳೆಲ್ಲ ಒಂದೇ ಅಳತೆಯಲ್ಲಿದ್ದರೆ ‘ಅಂಗಡಿ ಪ್ಯಾಕೆಟ್ಟು!’ ಗಾಂಧಿಬಜಾರು, ಮಲ್ಲೇಶ್ವರಗಳಲ್ಲಿ ಈಗ ಸಿದ್ಧ ಎಳ್ಳು ರಾಶಿ ರಾಶಿ ಸಿಗುತ್ತದೆ. ಅದನ್ನು ಮನೆಯ ಡಬ್ಬಿಗೆ ಸುರಿದು, ಮೇಲೆ ಕೈಯಾರೆ ಹೆಚ್ಚಿದ ನಾಲ್ಕು ಸೊಟ್ಟ ಚೂರು ಬೆರೆಸಿ ಅಮ್ಮನ ಪರೀಕ್ಷೆ ದಾಟುವ ಜಾಣೆಯರೂ ನಮ್ಮ ಬೀದಿಯಲ್ಲಿದ್ದಾರೆ.

ಎಳ್ಳಿನ ಜತೆ ಕಬ್ಬು, ಬಾಳೆಹಣ್ಣು, ಸಕ್ಕರೆ ಅಚ್ಚು. ಹೊಸದಾಗಿ ಮದುವೆಯಾದವಳು ಮೊದಲ ವರ್ಷ ಮನೆಗೆ ಐದು ಬಾಳೆಹಣ್ಣು, ಮರುವರ್ಷ ಹತ್ತು, ಹೀಗೆ ಐದು ವರ್ಷ ಏರಿಸುತ್ತ ಹೋಗುವ ಪದ್ಧತಿ ಅನೇಕ ಮನೆಗಳಲ್ಲಿದೆ. ಗಂಡನಿಗೆ ದಾಂಪತ್ಯದ ಭಾರ ಮೊದಲು ಅರಿವಾಗುವುದು ಆ ಗೊನೆಗಳನ್ನು ಹೊರುವಾಗ.

ಸಕ್ಕರೆ ಅಚ್ಚಿನದು ಬೇರೆಯೇ ಪುರಾಣ. ನೆನೆಸಿದ ಮರದ ಅಚ್ಚಿನ ಹೋಳುಗಳನ್ನು ಜೋಡಿಸಿ ದಾರ ಬಿಗಿದು, ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ಹದ ನೋಡಿ ಹುಯ್ಯಬೇಕು. ಹದ ತಪ್ಪಿದರೆ ಆನೆ ಸೊಂಡಿಲನ್ನು ಒಳಗೇ ಬಿಟ್ಟು ಹೊರಬರುತ್ತದೆ. ಇಷ್ಟು ಪಾಡುಪಟ್ಟು ಮಾಡಿದ್ದನ್ನು ದೊಡ್ಡವರು ಯಾರೂ ತಿನ್ನುವುದಿಲ್ಲ. ಅರ್ಧ ಬೀದಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಬೆಳಿಗ್ಗೆ ನಮ್ಮಲ್ಲಿಂದ ಹೊರಟ ಗಿಳಿ ಎದುರುಮನೆ, ಮೂಲೆಮನೆ, ಮೇಷ್ಟರ ಮನೆ ಎಲ್ಲ ಸುತ್ತಿ ಸಂಜೆ ಬೇರೆಯವರ ತಟ್ಟೆಯಲ್ಲಿ ಕುಳಿತು ನಮ್ಮ ಹೊಸ್ತಿಲಿಗೇ ಬರುತ್ತದೆ. ಮುರಿದ ಕೊಕ್ಕು ನೋಡಿದೊಡನೆ ನನ್ನ ಹೆಂಡತಿಗೆ ಗುರುತು ಹತ್ತುತ್ತದೆ. ಆದರೂ ಬಾಯಿ ಬಿಡುವಂತಿಲ್ಲ. ‘ಎಷ್ಟು ಚೆನ್ನಾಗಿದೆ ರೀ ನಿಮ್ಮ ಅಚ್ಚು!’ ಅನ್ನಲೇಬೇಕು. ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು’ ಎಂಬ ಕಟ್ಟಳೆ ಆ ದಿನ ಕಡ್ಡಾಯ.

ಶಾಸ್ತ್ರ ಕೇಳಿದರೆ, ಸೂರ್ಯ ಮಕರ ರಾಶಿಗೆ ಕಾಲಿಡುವ ದಿನ ಇದು, ಉತ್ತರಾಯಣದ ಆರಂಭ. ಪ್ರಾಣ ಬಿಡಲು ಭೀಷ್ಮ ಶರಶಯ್ಯೆಯಲ್ಲಿ ಕಾದದ್ದು ಈ ಉತ್ತರಾಯಣಕ್ಕೇ. ಆಕಾಶದ ಸೂರ್ಯನಾದರೋ ಡಿಸೆಂಬರ್ 21-22ಕ್ಕೇ ಉತ್ತರಕ್ಕೆ ತಿರುಗಿರುತ್ತಾನೆ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ನಮ್ಮ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತಿದೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಸಂಕ್ರಾಂತಿಯ ದಿನವಾಗಿತ್ತು. ಈಗ ಹಬ್ಬ 14ಕ್ಕೋ 15ಕ್ಕೋ ಬರುತ್ತದೆ. ಹಬ್ಬವೇ ತಡವಾಗಿ ಬರುವಾಗ ಎಳ್ಳು ಬೀರಲು ರಾತ್ರಿ ಒಂಬತ್ತಕ್ಕೆ ಬರುವ ಮೂಲೆಮನೆಯವರನ್ನು ದೂರುವುದು ಹೇಗೆ?

ಸೂರ್ಯನೂ ಅಂದು ಒಂದು ಭೇಟಿ ಇಟ್ಟುಕೊಂಡಿರುತ್ತಾನೆ. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಹಾಲಯದಲ್ಲಿ ಸಂಜೆಯ ಕಿರಣ ಕಿಂಡಿಯಿಂದ ನುಗ್ಗಿ, ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಕೆಲವೇ ನಿಮಿಷದ ಈ ಭೇಟಿಗೆ ಊರೆಲ್ಲ ಸಾಲು ನಿಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ಅದೇ ಹೊತ್ತಿಗೆ ಮೈ ತೊಳೆದು ಸಿಂಗರಿಸಿದ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ಉತ್ತರ ಕರ್ನಾಟಕದವರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದು, ಹೊಳೆಯಲ್ಲಿ ಮಿಂದು, ಕುಸುರೆಳ್ಳು ಹಂಚುತ್ತಾರೆ. ಸೀಮೆ ಬೇರೆಯಾದರೂ ‘ಎಳ್ಳುಬೆಲ್ಲದಂಗ ಇರೋಣು’ ಎಂಬ ಮಾತಿನ ರುಚಿ ಒಂದೇ.

ವರ್ಷವಿಡೀ ಕಾರು ನಿಲ್ಲಿಸುವ ಜಾಗಕ್ಕೆ ಕಿತ್ತಾಡಿದ ಎರಡು ಮನೆ ನಮ್ಮ ಬೀದಿಯಲ್ಲೂ ಇವೆ. ಯಾವ ಸಂಘದ ಸಭೆಯಲ್ಲೂ ಬಗೆಹರಿಯದ ಆ ಮುನಿಸು, ಏಳು ವರ್ಷದ ಹುಡುಗಿ ಡಬ್ಬಿ ಹಿಡಿದು ‘ಆಂಟಿ, ಅಮ್ಮ ಎಳ್ಳು ಕೊಟ್ಟು ಬಾ ಅಂದ್ರು’ ಎಂದಾಗ ಗೇಟಿನ ಹೊರಗೇ ಉಳಿಯುತ್ತದೆ. ಮರುದಿನ ಮತ್ತೆ ಒಳಗೆ ಬರಬಹುದು. ಒಂದು ದಿನ ರಜೆ ಸಿಕ್ಕಿತಲ್ಲ, ಅದೇ ಹಬ್ಬದ ಮಹಿಮೆ.

ಈಗ ಎಳ್ಳಿನ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಕೈತೊಳೆದುಕೊಳ್ಳುವವರು ಹೆಚ್ಚಾಗಿದ್ದಾರೆ. ಚಿತ್ರದ ಎಳ್ಳು ಹಲ್ಲಿಗೂ ಸಿಕ್ಕುವುದಿಲ್ಲ, ಮನಸ್ಸಿಗೂ ಹತ್ತುವುದಿಲ್ಲ. ಈ ಸಲ ಡಬ್ಬಿ ಹಿಡಿದು ನೀವೇ ಹೊರಡಿ. ಮಾತು ಬಿಟ್ಟ ಮನೆಗೆ ಮೊದಲು ಹೋಗಿ. ಅವರ ಪೊಟ್ಟಣಕ್ಕೆ ಕೊಬ್ಬರಿ ಒಂದು ಹಿಡಿ ಜಾಸ್ತಿಯೇ ಇರಲಿ. ಅಲ್ಲೂ ಕನ್ನಡಕ ಹಾಕಿಕೊಂಡ ಒಬ್ಬ ಅಮ್ಮ ಇರುತ್ತಾರೆ.