ನಾನು ಮಾಡದ ಅಪರಾಧಗಳು

ಮಾಡಿದ ಕೆಲಸಕ್ಕೆ ಸಾಕ್ಷಿ ಒದಗಿಸುವುದು ಅಷ್ಟೇನೂ ಕಷ್ಟವಲ್ಲ. ಮಾಡದೆ ಬಿಟ್ಟ ಕೆಲಸಕ್ಕೆ, ಅದರಲ್ಲಿಯೂ ಮಾಡಬೇಕೆಂದು ಎಂದೂ ಮನಸ್ಸಿಗೆ ಬಾರದಿದ್ದ ಕೆಲಸಕ್ಕೆ, ಸಾಕ್ಷಿಯನ್ನು ಎಲ್ಲಿಂದ ತರುವುದು? ಕೆನಡಾದಲ್ಲಿ ನೆಲೆಸಿರುವ ಮಗಳು, ವೃದ್ಧರಾದ ತಂದೆತಾಯಿಗಳನ್ನು ತನ್ನ ಬಳಿಗೆ ಕರೆಸಿಕೊಳ್ಳುವ ಸದುದ್ದೇಶದಿಂದ, ವಲಸೆಯ ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿಯೊಂದನ್ನು ಕೊಚ್ಚಿಯ ನಮ್ಮ ಮನೆಗೆ ಕಳುಹಿಸಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಆ ದೇಶದ ನಿಯಮದಂತೆ, ಹದಿನೆಂಟು ತುಂಬಿದವನು ಕಳೆದ 10 ವರ್ಷಗಳಲ್ಲಿ ಯಾವ ಯಾವ ದೇಶದಲ್ಲಿ ಒಂದೇ ಸಮನೆ ಆರು ತಿಂಗಳು ವಾಸವಾಗಿದ್ದನೋ ಆ ಎಲ್ಲ ದೇಶಗಳ ಪೊಲೀಸರಿಂದಲೂ ತಾನು ನಿರ್ದೋಷಿಯೆಂಬ ಪತ್ರವನ್ನು ತರತಕ್ಕದ್ದು. ಆರು ತಿಂಗಳಿಗೆ ಒಂದು ದಿನ ಕಡಿಮೆಯಿದ್ದು ಬಂದವನನ್ನು ಪತ್ರ ಕೇಳುವುದಿಲ್ಲ; ದುರ್ಬುದ್ಧಿಯು ಅಂಕುರಿಸುವುದಕ್ಕೆ ಅಷ್ಟು ಕಾಲವಾದರೂ ಬೇಕೆಂದು ಅವರ ಅನುಭವವಿರಬೇಕು. ಆಸ್ಟ್ರೇಲಿಯಾದವರು ಒಟ್ಟು ಹನ್ನೆರಡು ತಿಂಗಳವರೆಗೆ ತಾಳುತ್ತಾರೆ. ಆದರೆ ಲೆಕ್ಕವನ್ನು ಹದಿನಾರನೆಯ ವಯಸ್ಸಿನಿಂದಲೇ ಹಿಡಿಯುತ್ತಾರೆ.

ಈ ಸಂಕಟವನ್ನು ನಮ್ಮ ಪೂರ್ವಿಕರು ಮುಂಚಿತವಾಗಿಯೇ ಕಂಡಿದ್ದರು. ಕುಮಾರಿಲಭಟ್ಟನ ಮತದ ಮೀಮಾಂಸಕರೂ ಅವರನ್ನನುಸರಿಸಿ ಅದ್ವೈತಿಗಳೂ ಪ್ರತ್ಯಕ್ಷಾದಿ ಪ್ರಮಾಣಗಳ ಸಾಲಿನ ತುದಿಯಲ್ಲಿ ಅನುಪಲಬ್ಧಿಯೆಂಬ ಆರನೆಯದೊಂದನ್ನು ಕೂರಿಸಿದರು. ನೆಲದ ಮೇಲೆ ಗಡಿಗೆ ಇಲ್ಲವೆಂದು ಹೇಗೆ ತಿಳಿಯಿತು? ಕಾಣಲಿಲ್ಲ, ಆದುದರಿಂದ ತಿಳಿಯಿತು. ಆದರೆ ಕತ್ತಲೆಯಲ್ಲಿ ನೋಡಿ ಇಲ್ಲವೆಂದರೆ ಸಲ್ಲದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಷ್ಟು ಬೆಳಕೂ ಕಣ್ಣೂ ಇರಬೇಕೆಂದು ಆ ಜಾಣರು ಷರತ್ತು ಹಾಕಿದರು. ಪಿಸಿಸಿ ಎಂದು ಕೇರಳದಲ್ಲಿ ಹಸುಗೂಸೂ ಬಲ್ಲ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು ಶುದ್ಧಾಂಗವಾಗಿ ಈ ಆರನೆಯ ಪ್ರಮಾಣಕ್ಕೆ ಸೇರಿದ್ದು. ಶಂಕರರ ಕಾಲಡಿಯು ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣಕ್ಕೆ ಕೆಲವೇ ಮೈಲಿ ದೂರದಲ್ಲಿರುವುದೂ, ಆ ನಿಲ್ದಾಣದಿಂದ ಹಾರುವ ಎಷ್ಟೋ ಮಂದಿಯ ಕೈಚೀಲದಲ್ಲಿ ಅನುಪಲಬ್ಧಿಯ ಪತ್ರವಿರುವುದೂ ಕಾಕತಾಳೀಯವೆಂದು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ.

ಭಾರತದ ಮಟ್ಟಿಗೆ ವಿಧಿ ಸುಲಭವಾದುದು. 500 ರೂಪಾಯಿ ಸಲ್ಲಿಸಿ ಅರ್ಜಿ ಹಾಕಿದರೆ, ಪನಂಪಿಳ್ಳಿ ನಗರದ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯವರು ಠಾಣೆಯ ವರದಿಯನ್ನು ತರಿಸಿಕೊಂಡು ಪತ್ರ ಕೊಡುತ್ತಾರೆ. ಹಿಂದೆ ರಾಜ್ಯದ ಪೊಲೀಸರೂ ಪರದೇಶಕ್ಕೆ ಹೊರಟವರಿಗೆ ಸನ್ನಡತೆಯ ಪತ್ರ ಬರೆದುಕೊಡುತ್ತಿದ್ದುದುಂಟು. ಅದು ಕೇಂದ್ರದ ಅಧಿಕಾರವೆಂದು ಹೈಕೋರ್ಟು ಹೇಳಿದ ಮೇಲೆ, 2022ರಲ್ಲಿ ಅದನ್ನು ನಿಲ್ಲಿಸಿ, ರಾಜ್ಯದೊಳಗಿನ ಉಪಯೋಗಕ್ಕೆ ಮಾತ್ರ, ಈತನು ಅಪರಾಧಗಳಲ್ಲಿ ಭಾಗಿಯಾಗಿಲ್ಲ ಎಂಬಷ್ಟನ್ನೇ ಬರೆದುಕೊಡತೊಡಗಿದರು. ತತ್ತ್ವದೃಷ್ಟಿಯಿಂದ ಇದು ಸಾಮಾನ್ಯವಾದ ಹೆಜ್ಜೆಯಲ್ಲ. ಸನ್ನಡತೆಯೆಂಬುದು ಇರುವ ವಸ್ತು. ಅದನ್ನು ಇನ್ನೊಬ್ಬನಲ್ಲಿ ಕಂಡೆನೆಂದು ಸಹಿ ಹಾಕಲು ಯಾವ ಇನ್ಸ್‌ಪೆಕ್ಟರಿಗೆ ತಾನೆ ಧೈರ್ಯ ಬಂದೀತು? ನನ್ನ ಹೆಂಡತಿಯ ಹೇಳಿಕೆಯನ್ನು ತೆಗೆದುಕೊಳ್ಳಬೇಕಾಗಿ ಬಂದಿದ್ದರೆ ನನ್ನ ಪತ್ರ ಇಂದಿಗೂ ಠಾಣೆಯಲ್ಲಿಯೇ ಬಿದ್ದಿರುತ್ತಿತ್ತು.

ವಿಚಾರಣೆಗೆಂದು ಮನೆಗೆ ಬಂದ ಪೊಲೀಸಿನವರು ಸೌಮ್ಯರು, ಮತದಿಂದ ನೈಯಾಯಿಕರು; ಅಂದರೆ ಅಭಾವವನ್ನು ತಿಳಿಯಲು ಬೇರೊಂದು ಪ್ರಮಾಣ ಬೇಡ, ಕಣ್ಣೇ ಸಾಕು ಎನ್ನುವ ಪಂಥದವರು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಈ ಮುದುಕನಿಂದ ಏನೂ ಆಗಿರಲಾರದೆಂದು ಅವರು ನಿಶ್ಚಯಿಸಿದ ವೇಗವನ್ನು ಕಂಡು ನನಗೆ ಸಮಾಧಾನದೊಡನೆ ಕಿಂಚಿತ್ ಅವಮಾನವೂ ಆಯಿತು. ನನ್ನ ಹೆಸರಿನವನೇ ಆದ ಮತ್ತೊಬ್ಬನ ಮೇಲೆ ಎಂದೋ ಹೊಡೆದಾಟದ ಮೊಕದ್ದಮೆಯೊಂದು ಇದ್ದಿತೆಂದು ಪುಸ್ತಕ ಹೇಳಿತಾದರೂ, ತಂದೆಯ ಹೆಸರು ಬೇರೆಯೆಂದು ಅವರೇ ಪರಿಹಾರ ಕಂಡುಕೊಂಡರು. ಗಡಿಗೆಯು ಬಟ್ಟೆಯಲ್ಲ, ಇವನು ಅವನಲ್ಲ. ಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಭಾವವೆಂದು ಹೆಸರು. ಇಂಗ್ಲೆಂಡಿನ ಪೊಲೀಸರು ಇನ್ನೂ ಸೂಕ್ಷ್ಮವಾಗಿ ವಿಭಾಗಿಸಿದ್ದಾರೆ. ಏನೂ ಇಲ್ಲದವನಿಗೆ ನೋ ಟ್ರೇಸ್ ಎಂದು ಬರೆದರೆ, ಹಿಂದೆ ಏನೋ ಇದ್ದು ಈಗ ಹೇಳುವಂತಿಲ್ಲದವನಿಗೆ ನೋ ಲೈವ್ ಟ್ರೇಸ್ ಎಂದು ಬರೆಯುತ್ತಾರೆ: ಮೊದಲನೆಯದು ಅತ್ಯಂತಾಭಾವ, ಎರಡನೆಯದು ಗಡಿಗೆ ಒಡೆದ ಮೇಲಣ ಪ್ರಧ್ವಂಸಾಭಾವ. ಇನ್ನುಳಿದ ಪ್ರಾಗಭಾವವನ್ನು, ಎಂದರೆ ಗಡಿಗೆ ಇನ್ನೂ ಹುಟ್ಟದಿರುವ ಸ್ಥಿತಿಯನ್ನು, ಕೆನಡಾದವರು ಕೈಬಿಟ್ಟಿಲ್ಲ. ಈಗ ವಾಸಿಸುವ ದೇಶದ ಪತ್ರವು ಅರ್ಜಿಗಿಂತ ಆರು ತಿಂಗಳಿಗೆ ಹಿಂದಿನದಾಗಿರಕೂಡದು. ಇದುವರೆಗೆ ಮಾಡದವನು ನಾಳೆ ಮಾಡಲಾರನೇ?

ನನ್ನ ತೊಡಕಿದ್ದುದು ಷಾರ್ಜಾದಲ್ಲಿ. ಅಲ್ಲಿ ಲೆಕ್ಕ ಬರೆದು ನಿವೃತ್ತನಾದೆನು. ಆ ಲೆಕ್ಕಗಳು ಸರಿಯಾಗಿದ್ದುವೆಂಬುದಕ್ಕೆ ಅಲ್ಲಿಯ ಪೊಲೀಸರ ಮಾತು ಬೇಕು. ಆ ನಾಡನ್ನು ಬಿಟ್ಟುಬಂದವನು ಇಲ್ಲಿಯೇ ಹತ್ತು ಬೆರಳುಗಳನ್ನೂ ಮಸಿಗೊತ್ತಿ, ಆ ಹಾಳೆಗೆ ಮುದ್ರೆಗಳನ್ನು ಸಂಪಾದಿಸಬೇಕು. ಈ ಬೆರಳಚ್ಚಿನ ವಿದ್ಯೆ ಹುಟ್ಟಿದುದು ನಮ್ಮ ದೇಶದಲ್ಲಿಯೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಕಂಟ್ರಾಕ್ಟುದಾರನೊಬ್ಬನ ಅಂಗೈಯನ್ನು ಕರಾರುಪತ್ರದ ಮೇಲೆ ಒತ್ತಿಸಿದನು; 1897ರಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಕಲ್ಕತ್ತೆಯಲ್ಲಿ ತೆರೆಯಿತು; ಅಚ್ಚುಗಳನ್ನು ವರ್ಗೀಕರಿಸುವ ಕ್ರಮಕ್ಕಾಗಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬಿಬ್ಬರು ದುಡಿದರು; ಆ ಕ್ರಮಕ್ಕೆ ಅವರ ಮೇಲಧಿಕಾರಿ ಹೆನ್ರಿಯ ಹೆಸರು ನಿಂತಿತು. ಕಳ್ಳತನವನ್ನು ಪತ್ತೆಹಚ್ಚುವ ಶಾಸ್ತ್ರಕ್ಕೆ ಇಂತಹ ನಾಂದಿ!

ಮುಪ್ಪಿನಲ್ಲಿ ಬೆರಳಿನ ಗೆರೆಗಳೂ ಸವೆಯುತ್ತವೆ. ನನ್ನ ಹೆಬ್ಬೆರಳು ಹೇಗೋ ಮೂಡಿತು; ಜೀವಮಾನವೆಲ್ಲ ಪಾತ್ರೆ ತಿಕ್ಕಿದ ನನ್ನ ಹೆಂಡತಿಯ ಬೆರಳುಗಳು ಹಾಳೆಯ ಮೇಲೆ ಬರಿಯ ಕಪ್ಪು ಚುಕ್ಕಿಗಳಾದುವು. ಕೊಲ್ಲಂನ ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆಯ ಸುಡುವ ಎಣ್ಣೆಗೆ ಕೈಯೊಡ್ಡಿ ದುಡಿಯುವ ಹೆಂಗಸರ ಗತಿಯೂ ಇದೇ. ಯಾವ ಗೆರೆಯೂ ಮಾಸದಂತೆ ಕೈಗಳನ್ನು ಕಾಪಾಡಿಕೊಂಡವನೇ ನಿರಪರಾಧಿಯೆಂದು ಬೇಗ ಸಿದ್ಧನಾಗುವನು.

ಮುದ್ರೆಗಳಿಗೆಂದು ತಿರುವನಂತಪುರಕ್ಕೆ ಹೊರಟು, ಎರ್ನಾಕುಳದಲ್ಲಿ ನಸುಕಿನ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತಿದೆವು. 1949ರ ಜುಲೈ 1ರವರೆಗೆ ಈ ಪ್ರಯಾಣವೂ ಸಂಸ್ಥಾನದಿಂದ ಸಂಸ್ಥಾನಕ್ಕೆ ಹೋಗುವ ವಿದೇಶಯಾತ್ರೆಯೇ ಆಗಿತ್ತು. ತಿರುವಾಂಕೂರು ಕೊಚ್ಚಿಗಳು ಒಂದಾದಾಗ ಅತ್ತ ರಾಜಧಾನಿಯನ್ನೂ ಇತ್ತ ಹೈಕೋರ್ಟನ್ನೂ ಕೊಟ್ಟು ಇಬ್ಬರನ್ನೂ ಸಮಾಧಾನಪಡಿಸಿದರು; ಆ ಸಮಾಧಾನದ ಬೆಲೆಯನ್ನು ಪ್ರಜೆಗಳು ರೈಲಿನ ಟಿಕೆಟ್ಟಾಗಿ ಇಂದಿಗೂ ತೆರುತ್ತಿದ್ದಾರೆ. ನಾನಂತೂ ಕಾಸರಗೋಡಿನವನು, ಮದರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿ ಹುಟ್ಟಿ, 1956ರ ನವೆಂಬರ್ 1ರಂದು ತೊಟ್ಟಿಲಿನಿಂದ ಕದಲದೆಯೇ ಕೇರಳೀಯನಾದವನು. ಹಾಗೆ ಮಲಗಿದ್ದಲ್ಲಿಯೇ ನಾಡು ಬದಲಿಸಿದವರಿಗೆ ಅರ್ಜಿಯಲ್ಲಿ ಅಂಕಣವಿಲ್ಲವೆಂಬುದೊಂದು ಪುಣ್ಯ.

ಅನಿವಾಸಿ ಕೇರಳೀಯರಿಗಾಗಿ ರಾಜ್ಯ ಸರ್ಕಾರವಿಟ್ಟಿರುವ ನೋರ್ಕ ರೂಟ್ಸ್ ಸಂಸ್ಥೆಯ ತೈಕ್ಕಾಡಿನ ಕಚೇರಿಯಲ್ಲಿ ಗಲ್ಫಿಗೆ ಹೊರಟ ಹುಡುಗರ ನಡುವೆ, ಗಲ್ಫಿನಿಂದ ಮರಳಿದ ಪಿತಾಮಹರಂತೆ ಕುಳಿತೆವು. ಅಲ್ಲಿಂದ ಮಣಕ್ಕಾಡಿನ ಅರಬ್ ಸಂಯುಕ್ತ ಸಂಸ್ಥಾನಗಳ ಕಾನ್ಸುಲೇಟಿಗೆ. 2020ರ ಜುಲೈಯಲ್ಲಿ ಈ ಕಾನ್ಸುಲೇಟಿನ ವಿಳಾಸ ಹೊತ್ತು ಬಂದ ರಾಜತಾಂತ್ರಿಕ ಸರಕಿನಲ್ಲಿ ಕಸ್ಟಮ್ಸಿನವರಿಗೆ 30 ಕಿಲೋ ಚಿನ್ನ ಸಿಕ್ಕಿತ್ತು. ಇಲ್ಲವೆಂದು ಎಲ್ಲರೂ ನಂಬಿದ್ದ ಗಡಿಗೆ ನೆಲದ ಮೇಲೆಯೇ ಇದ್ದಿತು.

ಷಾರ್ಜಾದ ಪತ್ರ ಕಡೆಗೂ ಬಂದಿತು. ನಾನು ಏನೂ ಮಾಡಲಿಲ್ಲವೆಂದು ಅರಬ್ಬಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿದೆ. ಆ ದೇಶವನ್ನು ಬಿಟ್ಟ ಮೇಲೆ ಕೊಟ್ಟುದಾದುದರಿಂದ ಹಳಸುವ ಭಯವೂ ಇಲ್ಲ. ಪರದೇಶದಲ್ಲಿ ದುಡಿಯುತ್ತಿರುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಅವಧಿ ಮೀರಿದ ಪಾಸ್‌ಪೋರ್ಟುಗಳನ್ನೂ ವೀಸಾ ಅಂಟಿಸಿದ ಪುಟಗಳನ್ನೂ ಅಲ್ಲಿಯ ಗುರುತಿನ ಚೀಟಿಯ ನಕಲನ್ನೂ ಎಸೆಯಬೇಡಿರಿ; ಅಲ್ಲಿ ಇದ್ದಿರೆಂದು ತೋರಿಸಿದ ಹೊರತು, ಅಲ್ಲಿ ಏನೂ ಮಾಡಲಿಲ್ಲವೆಂದು ಯಾವ ಪೊಲೀಸರೂ ಬರೆದುಕೊಡುವುದಿಲ್ಲ.