ಶಿರೋವಾಣಿ

ಸಿಗ್ನಲ್ಲಿನಲ್ಲಿ ಬೈಕ್ ನಿಲ್ಲಿಸಿಕೊಂಡು ತಮ್ಮಷ್ಟಕ್ಕೆ ತಾವೇ ನಗುವವರನ್ನು ನೀವು ನೋಡಿರುತ್ತೀರಿ. ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆದರೂ ಕೈ ಆಡಿಸುತ್ತಾರೆ, ತಲೆ ಕೊಡವುತ್ತಾರೆ, "ಛೇ ಛೇ, ಹಂಗಲ್ಲ ಕಣೋ" ಅನ್ನುತ್ತಾರೆ. ಹಸಿರು ದೀಪ ಬಂದು ಹಿಂದಿನವರೆಲ್ಲ ಹಾರ್ನ್ ಹೊಡೆದರೆ ಅದೊಂದು ಮಾತ್ರ ಅವರಿಗೆ ಕೇಳಿಸುವುದಿಲ್ಲ. ಹೆದರಬೇಡಿ. ಅವರ ಮೈಮೇಲೆ ದೆವ್ವ ಬಂದಿಲ್ಲ, ಬ್ಲೂಟೂತ್ ಬಂದಿದೆ.

ಈ ಕುಲಕ್ಕೂ ವಂಶಾವಳಿ ಉಂಟು. ಮೊದಲ ತಲೆಮಾರಿನವರು ವಾರೆಗತ್ತಿನವರು: ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಇಡೀ ಬೆಂಗಳೂರನ್ನು ಓರೆಯಾಗಿಯೇ ನೋಡಿದವರು. ಎರಡನೆಯವರು ತುರುಕುವವರು: ಹೆಲ್ಮೆಟ್ಟಿಗೂ ಕೆನ್ನೆಗೂ ಮಧ್ಯೆ ಫೋನ್ ತುರುಕಿ ಒಂದು ಕಡೆ ಗದ್ದಕಟ್ಟು ಬಂದವರಂತೆ ಕಾಣುವವರು. ಇವರ ಸಂತತಿ ಇನ್ನೂ ಹುಲುಸಾಗಿದೆ. ಮೂರನೆಯ ತಲೆಮಾರಿನ ಪ್ರತಿನಿಧಿ ನಮ್ಮ ಭಾವ.

ಭಾವ ಅಂದರೆ ನನ್ನ ಷಡ್ಡಕರು. ಅಕೌಂಟ್ಸ್ ವಿಭಾಗದಲ್ಲಿ ಕೆಲಸ, ವಯಸ್ಸು ಐವತ್ತೆರಡು. ಆಫೀಸಿನಲ್ಲಿ ಮೇಲಿನವರು ಮಾತಾಡುತ್ತಾರೆ, ಮನೆಯಲ್ಲಿ ಅಕ್ಕ ಮಾತಾಡುತ್ತಾರೆ, ಎರಡೂ ಕಡೆ ಭಾವ "ಹೂಂ" ಅನ್ನುತ್ತಾರೆ. ವಾರವಿಡೀ ಜಮಾ ಆದ ಮಾತು ಬಡ್ಡಿ ಸಮೇತ ಹೊರಬೀಳುವುದು ಭಾನುವಾರದ ಬೈಕ್ ಸವಾರಿಯಲ್ಲಿ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಭಾವನಿಗೆ ಅಷ್ಟು ಜಾಗವೂ ಬೇಕಾಗಲಿಲ್ಲ, ತಲೆಯಲ್ಲೇ ತೆರೆದರು.

ಆ ಕೇಂದ್ರದ ಒಳಾಂಗಣವನ್ನು ನೋಡಿದ್ದೇನೆ, ಅಂದರೆ ಭಾವ ಬಲವಂತವಾಗಿ ತೋರಿಸಿದ್ದಾರೆ. ಕಿವಿ ಬರುವ ಕಡೆ ಮೆತ್ತೆಯ ಹಿಂದೆ ಪುಟ್ಟ ನಿಪ್ಪಟ್ಟಿನಂಥ ಸ್ಪೀಕರು, ಅಗಲ 40 ಮಿಲಿಮೀಟರು. ಬಾಯಿಯ ಮುಂದೆ ಸ್ಪಂಜಿನ ಕುಲಾವಿ ಹಾಕಿಕೊಂಡ ಮೈಕು. ಹಿಂದೆ ಬ್ಯಾಟರಿ. ಎಡಗಡೆ ಮೂರು ಗುಂಡಿ. ಗ್ಲೌಸ್ ಹಾಕಿದ ಕೈಯಲ್ಲಿ ಒಂದನ್ನು ಒತ್ತಲು ಹೋದರೆ ಮೂರೂ ಒತ್ತಿಕೊಂಡು, ಹಾಡು ನಿಂತು, ಯಾರಿಗೋ ಫೋನ್ ಹೋಗಿ, ಒಳಗಿರುವ ಹೆಣ್ಣು ದನಿ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಕೊಡುತ್ತದೆ. "ಕಾಲ್ ಹೋಮ್" ಎಂದು ಭಾವ ಅಪ್ಪಣೆ ಕೊಟ್ಟರೆ ಅದು ಹೋಮಿಯೋಪತಿ ಡಾಕ್ಟರಿಗೆ ಫೋನ್ ಹಚ್ಚುತ್ತದೆ. ಇಷ್ಟೆಲ್ಲದರ ಕೆಳಗೆ ಗದ್ದದ ಪಟ್ಟಿ ಎರಡು ಕಡೆಯೂ ಲೋಲಾಕಿನಂತೆ ತೂಗಾಡುತ್ತಿರುತ್ತದೆ. ಅದರಲ್ಲಿ ತಂತ್ರಜ್ಞಾನ ಇಲ್ಲವಾದ್ದರಿಂದ ಭಾವನಿಗೆ ಆಸಕ್ತಿ ಇಲ್ಲ.

ಭಾನುವಾರ ನಾಲ್ಕೂವರೆ ಗಂಟೆಗೆ ಹೆಬ್ಬಾಳ ಫ್ಲೈಓವರ್ ಹತ್ತಿರ ಎಂಟು ಬೈಕು ಸೇರುತ್ತವೆ. ನಂದಿಬೆಟ್ಟದ ಸೂರ್ಯೋದಯ ನೋಡಬೇಕು. ಅದಕ್ಕೂ ಮೊದಲು ಪೇರಿಂಗ್ ಆಗಬೇಕು. ಹೆಲ್ಮೆಟ್ಟುಗಳನ್ನು ಸೀಟಿನ ಮೇಲೆ ಕೂರಿಸಿ, ಅವುಗಳ ಕೆಂಪು ನೀಲಿ ದೀಪವನ್ನು ಎಂಟು ಜನ ಮಂಗಳಾರತಿ ನೋಡುವಂತೆ ನೋಡುತ್ತಾರೆ. ಒಂದಕ್ಕೊಂದು ಕೂಡಿತು ಅನ್ನುವಷ್ಟರಲ್ಲಿ ಮೂರನೆಯದು ಮುನಿಸಿಕೊಳ್ಳುತ್ತದೆ. ಜಾತಕ ಕೂಡಿಸುವುದೇ ಸುಲಭ. ಆ ಬಿಡುವಿನಲ್ಲಿ ಭಾವ ಪುರಾಣ ತೆಗೆಯುತ್ತಾರೆ: "ಬ್ಲೂಟೂತ್ ಅಂದ್ರೆ ಯಾರು ಗೊತ್ತೇನ್ರೋ? ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ, ಹರಾಲ್ಡ್ ಬ್ಲೂಟೂತ್. ಡೆನ್ಮಾರ್ಕು ನಾರ್ವೆ ಎರಡನ್ನೂ ಒಂದು ಮಾಡ್ದೋನು. ಆ ಗುರುತಿನಲ್ಲಿರೋದು ಅವನ ಹೆಸರಿನ ಅಕ್ಷರಾನೇ!" ಎರಡು ದೇಶ ಕೂಡಿಸಿದವನ ಹೆಸರು ಹೊತ್ತ ಯಂತ್ರಕ್ಕೆ ವಿಜಯನಗರದ ಹೆಲ್ಮೆಟ್ಟನ್ನೂ ಬಸವನಗುಡಿಯ ಹೆಲ್ಮೆಟ್ಟನ್ನೂ ಕೂಡಿಸಲು ನಲವತ್ತು ನಿಮಿಷ. ನಂದಿಯ ಸೂರ್ಯೋದಯವನ್ನು ಈ ತಂಡ ಸಾಮಾನ್ಯವಾಗಿ ದೇವನಹಳ್ಳಿಯಲ್ಲೇ ನೋಡಿ ಮುಗಿಸುತ್ತದೆ.

ಹೊರಟ ಮೇಲೆ ಪ್ರಸಾರ ಶುರು. ನ್ಯಾಯವಾಗಿ ಹೇಳಬೇಕೆಂದರೆ ಇದರಿಂದ ಉಪಕಾರವೂ ಉಂಟು. ಮುಂದಿನವರು "ಗುಂಡಿ, ಎಡಕ್ಕೆ!" ಅಂದರೆ ಹಿಂದಿನ ಏಳು ಜನರ ಸೊಂಟ ಉಳಿಯುತ್ತದೆ. ಆದರೆ ಭಾವ ಅಲ್ಲಿಗೆ ನಿಲ್ಲಿಸುವವರಲ್ಲ. ಆ ಗುಂಡಿ ಯಾಕೆ ಬಿತ್ತು, ಟೆಂಡರ್ ಹೇಗೆ ಆಗುತ್ತದೆ, ಜಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ವಿವರಿಸುತ್ತಾರೆ. ವಿವರಣೆ ಮುಗಿಯುವಷ್ಟರಲ್ಲಿ ಇನ್ನೂ ಮೂರು ಗುಂಡಿ ಪ್ರಕಟಣೆಯಿಲ್ಲದೆ ಹಾದುಹೋಗಿರುತ್ತವೆ.

ತಪ್ಪಿಸಿಕೊಳ್ಳಲು ಮೊದಲು ಒಂದು ದಾರಿಯಿತ್ತು. ಹಳೆಯ ಯಂತ್ರಗಳು ಸರಪಳಿಯಂತೆ. ನಡುವಿನವನು ಟೀ ಕುಡಿಯಲು ನಿಂತರೆ ಅವನ ಹಿಂದಿದ್ದವರಿಗೆಲ್ಲ ಬಿಡುಗಡೆ. ಈಗ ಬಂದಿರುವ 'ಮೆಶ್' ಬಲೆಯಂತೆ, ಒಂದು ಗಂಟು ಬಿಚ್ಚಿದರೂ ಉಳಿದವು ಬಿಡುವುದಿಲ್ಲ. ಇನ್ನು ಕಾಪಾಡುವುದು ಗುಡ್ಡ ಮಾತ್ರ, ಈ ಅಲೆಗಳಿಗೆ ಗುಡ್ಡ ಅಡ್ಡ ಬಂದರೆ ಆಗದು. ಹೋದ ವರ್ಷ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಭಾವನ ದನಿ ಕಡಿದುಹೋಯಿತು. ಊರಿಗೆ ಬಂದ ಮೇಲೆ ತಂಡದವರು ನೆನೆನೆನೆದು ಹೊಗಳಿದ್ದು ಸೂರ್ಯಾಸ್ತವನ್ನಲ್ಲ, ಆ ಘಾಟಿಯನ್ನು.

ಕಡೆಗೆ ಅನಾಹುತವಾದದ್ದು ರಸ್ತೆಯಲ್ಲಲ್ಲ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಕೈ ಬಿಡದೆ ಮಾತಾಡಲೆಂದು ಭಾವ ತಮ್ಮ ಹೆಲ್ಮೆಟ್ಟನ್ನು ಫೋನ್ ಬಂದರೆ ತಾನೇ ಎತ್ತಿಕೊಳ್ಳುವಂತೆ ಸೆಟ್ ಮಾಡಿದ್ದರು. ಗಾಳಿಯ ಮೊರೆತ ಮೀರಲೆಂದು ವಾಲ್ಯೂಮನ್ನು ತುದಿಗೆ ಏರಿಸಿದ್ದರು. ಒಂದು ಶನಿವಾರ ಅದನ್ನು ಆಫ್ ಮಾಡದೆ ಸ್ಟ್ಯಾಂಡಿನ ಮೇಲಿಟ್ಟು ಸ್ನಾನಕ್ಕೆ ಹೋದರು. ನಾನೂ ನಮ್ಮಿಬ್ಬರ ಅತ್ತೆಯವರೂ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಸ್ಟ್ಯಾಂಡಿನ ಕಡೆಯಿಂದ ಒಂದು ವಿನಯದ ದನಿ ಕೇಳಿಸಿತು:

"ನಮಸ್ಕಾರ ಸರ್. ಮೂವತ್ತೆರಡು ಸಾವಿರದ ಹೆಲ್ಮೆಟ್ ತಗೊಂಡಿದ್ರಲ್ಲ, ಈ ತಿಂಗಳ ಕಂತು ಬಂದಿಲ್ಲ ಸರ್."

ಅತ್ತೆಯವರ ಮೊರ ಮಗುಚಿತು. "ಅಯ್ಯೋ ರಾಮ, ಬುರುಡೆ ಮಾತಾಡ್ತಿದೆಯಲ್ಲಪ್ಪಾ!"

ಬುರುಡೆ ಮಾತಾಡಿದ್ದು ನಿಜ, ಬುರುಡೆ ಬಿಟ್ಟಿದ್ದು ಮಾತ್ರ ಭಾವ. ಅದನ್ನು ಆಫರಿನಲ್ಲಿ ಮೂರು ಸಾವಿರಕ್ಕೆ ತಂದೆ ಎಂದು ಮನೆಯಲ್ಲಿ ಹೇಳಿದ್ದರು. ಅಡುಗೆಮನೆಯಿಂದ ಬಂದ ಅಕ್ಕ ಸೌಟು ಹಿಡಿದುಕೊಂಡೇ ಬಗ್ಗಿ, ಮೈಕಿನ ಹತ್ತಿರ ಬಾಯಿಟ್ಟು, "ಎಷ್ಟು ಅಂದ್ರಿ?" ಎಂದು ಕೇಳಿದರು. ಹೆಲ್ಮೆಟ್ ಇನ್ನೊಮ್ಮೆ ಹೇಳಿತು. ಎಂಥಾ ಸ್ಪಷ್ಟತೆ! ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸಿತು.

ದಂಡದ ರೂಪದಲ್ಲಿ ಅಕ್ಕನಿಗೂ ಅಂಥದ್ದೇ ಒಂದು ಬಂತು. ಇಪ್ಪತ್ತೈದು ವರ್ಷ ಹಿಂದಿನ ಸೀಟಿನಿಂದ ಅಕ್ಕ ಆಡಿದ ಮಾತಿನಲ್ಲಿ ಅರ್ಧವನ್ನು ಗಾಳಿ ಹೊತ್ತೊಯ್ಯುತ್ತಿತ್ತು, ಉಳಿದರ್ಧಕ್ಕೆ ಭಾವ "ಗಾಳಿ ಕಣೇ, ಕೇಳಿಸ್ಲಿಲ್ಲ" ಅನ್ನುತ್ತಿದ್ದರು. ಎಷ್ಟು ಸಂಸಾರಗಳನ್ನು ಆ ಗಾಳಿ ಕಾಪಾಡಿದೆಯೋ! ಈಗ ಯಂತ್ರ ಗಾಳಿಯನ್ನು ಸೋಸಿ ಮಾತನ್ನಷ್ಟೇ ಕಿವಿಗೆ ಬಿಡುತ್ತದೆ.

ಇಬ್ಬರೂ ಮೊದಲ ಸವಾರಿಗೆ ಹೊರಟಾಗ ನಾನು ಗೇಟಿನಲ್ಲಿದ್ದೆ. ಭಾವ ಗುಂಡಿ ಒತ್ತಿ, "ಹಲೋ, ಹಲೋ, ಕೇಳಿಸ್ತಿದೆಯಾ?" ಅಂದರು.

"ಕೇಳಿಸ್ತಿದೆ. ಮೊದಲು ಗದ್ದದ ಪಟ್ಟಿ ಹಾಕ್ಕೊಳ್ಳಿ."

1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಸ್ಪೀಕರು ಕೇಳುವುದಿಲ್ಲ, ಮೈಕು ಕೇಳುವುದಿಲ್ಲ. ಅದು ಕೇಳುವುದೂ ಅಕ್ಕ ಕೇಳಿದ್ದನ್ನೇ: ಹೆಲ್ಮೆಟ್ಟನ್ನು ಪಟ್ಟಿಯಿಂದ ತಲೆಗೆ ಬಿಗಿದಿರಬೇಕು. ಭಾವ ಕ್ಲಿಪ್ ಸಿಕ್ಕಿಸಿದರು. 'ಟಕ್' ಅಂದಿತು. ಆ ಹೆಲ್ಮೆಟ್ಟಿನಿಂದ ಇದುವರೆಗೆ ಹೊರಟ ಸದ್ದುಗಳಲ್ಲಿ ತಲೆಗೆ ಉಪಯೋಗವಾಗುವಂಥದ್ದು ಅದೊಂದೇ. ನಿಮ್ಮದು ಸಾದಾ ಐಎಸ್‌ಐ ಗುರುತಿನ ಹೆಲ್ಮೆಟ್ ಆಗಿದ್ದರೂ ಚಿಂತೆಯಿಲ್ಲ, ಆ ಸದ್ದು ಅದರಲ್ಲೂ ಬರುತ್ತದೆ. ಕೇಳಿಸಿಕೊಂಡೇ ಹೊರಡಿ.